ಜೇನಿನ ಹೊಟ್ಟೆಗೆ ಹೆಪ್ಪು

ಜೇನುಹುಳದ ಹೊಟ್ಟೆಯ ವಿಚಾರಕ್ಕೆ ಬಾಯಿ ಬಿಟ್ಟಾಗಲೆಲ್ಲ ನನಗೊಂದು ಆಘಾತ ಕಾದಿರುತ್ತದೆ. ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ. ಶ್ರೀರಂಗಪಟ್ಟಣದಲ್ಲಿ ರೂಮು ಮಾಡಿಕೊಂಡು, ಸುತ್ತಲಿನ ಊರುಗಳ ಜೇನುಪೆಟ್ಟಿಗೆಗಳಿಂದ ಹುಳ ತಂದು, ಅವುಗಳ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇವೆ ಎಂದು ನೋಡುವುದು ನನ್ನ ಕೆಲಸ. ಕೆಳಗಿನ ಪ್ರಸಂಗಗಳೆಲ್ಲ ಒಂದೇ ಪೆಟ್ಟಿಗೆಯಿಂದ ಆದವು.

೧. ಕರುಳು

ಚಿನಕುರಳಿಯ ಒಬ್ಬ ಅಕ್ಕ ಕೊಟ್ಟಿಗೆಯ ಹಿಂದೆ ಜೇನು ಸಾಕಿದ್ದರು. ಒಂದು ಪೆಟ್ಟಿಗೆ ಬಿಟ್ಟು ಮಿಕ್ಕವೆಲ್ಲ ಖಾಲಿಯಾಗಿದ್ದವು. ಆ ಒಂದರ ಹುಳಗಳೂ ಗೂಡಿನ ಬಾಗಿಲಲ್ಲೇ ಭೇದಿ ಮಾಡಿಕೊಂಡು, ಹಾರಲಾಗದೆ ನೆಲದಲ್ಲಿ ತೆವಳುತ್ತಿದ್ದವು.

"ಇದೊಂದು ಉಳಿಸ್ಕೊಡಪ್ಪ. ಇದೂ ಓದ್ರೆ ನಾ ಇನ್ನ ಜೇನಿನ್ ತಂಟೆಗೆ ಓಗಕಿಲ್ಲ" ಅಂದರು.

ಒಂದು ಹುಳವನ್ನು ಮಂಜುಗಡ್ಡೆಯ ಮೇಲಿಟ್ಟೆ. ಅದು ಅಲ್ಲಾಡುವುದು ನಿಂತ ಮೇಲೆ ಚಿಮುಟದಲ್ಲಿ ಕೊಂಡಿ ಹಿಡಿದು ಎಳೆದೆ. ಕರುಳು ದಾರದ ಹಾಗೆ ಪೂರ್ತಿ ಬಂತು. ವಿಧಾನ ಸರಿಯಾಗಿತ್ತು. ತಲೆ ಎತ್ತಿದರೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಜಗುಲಿಯ ಮೇಲಿದ್ದ ಅವರ ಅತ್ತೆ ಕೇಳಿದರು: "ಮದ್ವೆ ಆಗದಾ ಮಗಾ?"

"ಇಲ್ಲಜ್ಜಿ."

"ಉಡ್ಗಿ ಮನೆಯೋರ್ಗೆ ಈ ಕೆಲ್ಸ ಯೋಳ್ಬ್ಯಾಡ."

೨. ಹುಳದ ಔಷಧಿ

ಯಾರದೋ ಮಾತು ಕೇಳಿ ಅಕ್ಕ ಹಿಂದೊಮ್ಮೆ ಹಸುವಿನ ಆಂಟಿಬಯಾಟಿಕ್ಕನ್ನು ಜೇನುಹುಳಕ್ಕೆ ಇಡುವ ಸಕ್ಕರೆ ಪಾಕಕ್ಕೆ ಬೆರೆಸಿದ್ದರಂತೆ. ಪರಾಗ ಅರಗಿಸುವ, ರೋಗ ತಡೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಅದರಲ್ಲಿ ಸತ್ತಿದ್ದವು. ಇದನ್ನು ಫೋನಿನಲ್ಲಿ ಸರಳವಾಗಿ ಹೇಳೋಣವೆಂದು, "ಹುಳದ ಹೊಟ್ಟೇಲಿ ಸಣ್ಣ ಹುಳ ಇರ್ತವೆ ಅಕ್ಕ" ಎಂದು ಶುರು ಮಾಡಿದೆ.

"ಗೊತ್ತಾಯ್ತು ಬುಡು" ಎಂದು ಅವರು ಫೋನ್ ಇಟ್ಟುಬಿಟ್ಟರು.

ಮಾರನೆಯ ದಿನ ಹೋದರೆ ಪೆಟ್ಟಿಗೆಯೊಳಗೆ ಸಕ್ಕರೆ ಪಾಕ, ಪಕ್ಕದಲ್ಲಿ ಕರುವಿಗೆ ಕುಡಿಸುವ ಜಂತುಹುಳದ ಔಷಧಿಯ ಬಾಟಲಿ. ಪಾಕವನ್ನು ಹೊರಗೆ ತೆಗೆದೆ.

"ಎಷ್ಟು ಹುಳ ಕುಡಿದ್ವಕ್ಕ?"

"ಒಂದೂ ಮೂತಿ ಇಕ್ನಿಲ್ಲ. ನೀ ಯೋಳಿದ್ದ ನಾ ಕೇಳ್ದೆ, ಉಳ ಕೇಳ್ಬೇಕಲ್ಲ."

೩. ಬಟ್ಟಲು

ಹುಳ ಎಂಬ ಪದವನ್ನು ಅವತ್ತೇ ಬಿಟ್ಟೆ. ಹೆಪ್ಪು ಅಂದುಕೊಳ್ಳಿ ಅಂದೆ. ಹೊಸದಾಗಿ ಹುಟ್ಟಿದ ಜೇನುಹುಳದ ಹೊಟ್ಟೆ ಬರೀ ಹಾಲಿದ್ದ ಹಾಗೆ. ಗೂಡಿನ ದೊಡ್ಡ ಹುಳಗಳಿಂದ ಅದಕ್ಕೆ ಹೆಪ್ಪು ಸಿಗುತ್ತದೆ. ನಿಮ್ಮ ಗೂಡಿನಲ್ಲಿ ಹೆಪ್ಪೇ ಹೋಗಿದೆ. ಅಕ್ಕನಿಗೆ ತಟ್ಟನೆ ಅರ್ಥವಾಯಿತು. ನನಗೆ ಹೆಮ್ಮೆಯೂ ಆಯಿತು.

ಸ್ವಲ್ಪ ಹೊತ್ತಿಗೆ ಹಿತ್ತಲಿಗೆ ಬಂದರೆ ಅವರ ಯಜಮಾನರು ಪೆಟ್ಟಿಗೆಯ ಮುಚ್ಚಳ ತೆಗೆದು, ಮೊಸರಿನ ಬಟ್ಟಲು ಬಗ್ಗಿಸಲು ನಿಂತಿದ್ದರು. ಓಡಿಹೋಗಿ ಕೈ ಹಿಡಿದೆ.

"ಗಾಬ್ರಿ ಆಗ್ಬ್ಯಾಡ ಕಣ್ಲಾ, ಉಪ್ಪು ಆಕಿಲ್ಲ" ಅಂದರು.

೪. ದೀಪ ಹಚ್ಚಿದ ಮೇಲೆ

ಆ ಪೆಟ್ಟಿಗೆ ಈಗ ಚೆನ್ನಾಗಿದೆ. ಚೆನ್ನಾದ ಬಗೆಯನ್ನು ಮಾತ್ರ ನಾನು ಯಾವ ಸಭೆಯಲ್ಲೂ ವಿವರಿಸಿಲ್ಲ.

ಆರೋಗ್ಯವಾಗಿರುವ ಗೂಡಿನಿಂದ, ಹುಳ ಕೂತಿರುವ ಒಂದು ಮೇಣದ ಎರಿಯನ್ನು ಚೌಕಟ್ಟಿನ ಸಮೇತ ತಂದು ಇಲ್ಲಿ ಸೇರಿಸಬೇಕಿತ್ತು. ಅಕ್ಕನ ನಾದಿನಿ ಹೊಸಹೊಳಲಿನಲ್ಲಿ ಜೇನು ಸಾಕಿದ್ದರು. ಅಕ್ಕ ಫೋನ್ ಮಾಡಿದರು: "ನಮ್ ಜೇನ್ಗೆ ಎಪ್ಪು ಬೇಕು ಕಣವ್ವ. ಉಡ್ಗ ಬತ್ತಾನೆ, ಕೊಟ್ ಕಳ್ಸು."

ಹೊರಗೆ ಹೋದ ಹುಳವೆಲ್ಲ ಗೂಡು ಸೇರಲಿ ಎಂದು ನಾನು ಬೇಕೆಂದೇ ಮುಸ್ಸಂಜೆಗೆ ಹೋದೆ. ನಾದಿನಿ ಹೊಸ್ತಿಲಲ್ಲೇ ತಡೆದರು.

"ದೀಪ ಅಚ್ಚಾಯ್ತು. ಒತ್ತು ಮುಳುಗಿದ್ಮೇಲೆ ಎಪ್ಪು ಕೊಡಕಿಲ್ಲ. ಮನೆ ಲಕ್ಷ್ಮಿ ಓಯ್ತಾಳೆ."

"ಇದು ಮೊಸರಲ್ಲಕ್ಕ, ಜೇನು."

"ಅತ್ಗೆ ಎಪ್ಪು ಅಂತ್ಲೇ ಯೋಳಿದ್ದು."

"ಹಗಲು ಬಂದ್ರೆ ಹುಳ ಎಲ್ಲ ಹೊರಗಿರ್ತವೆ. ಅಲ್ಲಿ ನಿಮ್ಮತ್ತಿಗೆಯ ಗೂಡು ಜಾಸ್ತಿ ದಿನ ತಡೆಯಲ್ಲ."

"ನಾನಂತೂ ಕೊಡಕಿಲ್ಲ. ಒಳಿಕ್ಕೋಗಿ ಬಾಗ್ಲು ಆಕ್ಕೋತೀನಿ. ನೀ ಕದ್ಕಂಡೋಗು."

ನಾನು ಸ್ಕೂಲಿನಲ್ಲಿ ಒಂದು ಪೆನ್ಸಿಲ್ ಕೂಡ ಕದ್ದವನಲ್ಲ. ಒಳಗಿನಿಂದ ಚಿಲಕ ಬಿತ್ತು. ಹಿತ್ತಲಿಗೆ ಹೋಗಿ, ಎರಿ ಎತ್ತಿ, ತಂದಿದ್ದ ಪೆಟ್ಟಿಗೆಗೆ ಇಳಿಸುವಷ್ಟರಲ್ಲಿ ಪಕ್ಕದ ಮನೆಯವರ ಟಾರ್ಚು ಮುಖಕ್ಕೆ ಬಿತ್ತು.

"ಯಾವನ್ಲಾ ಅವ್ನು?"

ಅಡುಗೆಮನೆಯ ಕಿಟಕಿಯಿಂದ ನಾದಿನಿಯ ದನಿ ಬಂತು:

"ಕಳ್ಳ ಕಣಣ್ಣ. ನಮ್ಮೋನೆಯ, ಬುಡು."