ಪೆಟ್ಟಿಗೆ ತೆಗೆಯುವುದು ಭಾನುವಾರ ಮಾತ್ರ

"ಇವತ್ತಿನಿಂದ ಈ ಮನೇಲಿ ಪ್ರಜಾಪ್ರಭುತ್ವ! ಎಲ್ಲರ ಮಾತಿಗೂ ಬೆಲೆ ಇದೆ! ಯಾರೂ ನಡುವೆ ಬಾಯಿ ಹಾಕಬೇಡಿ, ನಾನಿನ್ನೂ ಮುಗಿಸಿಲ್ಲ!"

ಅಧ್ಯಕ್ಷರು ಹೀಗೆಂದು ಘೋಷಿಸಿ ನಾಲ್ಕು ತಿಂಗಳಾಗಿತ್ತು. ಇನ್ನೂ ಮುಗಿಸಿರಲಿಲ್ಲ.

ಅಧ್ಯಕ್ಷರೆಂದರೆ ಯಾವ ಸಂಘಕ್ಕೂ ಅಲ್ಲ. ಹೊರಗೆ ಅವರು ನಗರಸಭೆಯ ದೂರು ವಿಭಾಗದ ಗುಮಾಸ್ತರು. ಬಿರುದು ದಯಪಾಲಿಸಿದವಳು ಹೆಂಡತಿ. ಆಕೆ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣಿಗೆ ಗಾಜು ಹಿಡಿದು "ಈಗ ಕಾಣುತ್ತಾ? ಈಗ?" ಎಂದು ಕೇಳುವವಳು. ತನ್ನ ಗಂಡನಿಗೆ ದೂರದ್ದೆಲ್ಲ ಕಾಣುತ್ತದೆ, ಹತ್ತಿರದ್ದು ಮಾತ್ರ ಕಾಣುವುದಿಲ್ಲ ಎಂಬುದನ್ನು ಮದುವೆಯಾದ ವಾರದಲ್ಲೇ ಪತ್ತೆ ಹಚ್ಚಿದ್ದಳು. ಅದಕ್ಕೆ ಅಂಗಡಿಯಲ್ಲಿ ಗಾಜಿರಲಿಲ್ಲ.

ಚರಂಡಿ, ಬೀದಿದೀಪ, ಬೀದಿನಾಯಿಗಳ ಮೇಲಿನ ದೂರುಗಳಿಗೆ ಇಪ್ಪತ್ತೆರಡು ವರ್ಷ ಮುದ್ರೆ ಒತ್ತಿದ ಅಧ್ಯಕ್ಷರಲ್ಲಿ ಇದ್ದಕ್ಕಿದ್ದಂತೆ ನಾಗರಿಕ ಪ್ರಜ್ಞೆ ಉಕ್ಕಿ ಹರಿಯಿತು. 'ಆಲಿಸೋಣ ಬನ್ನಿ' ಎಂಬ ಪಾಡ್‌ಕಾಸ್ಟ್ ಹುಟ್ಟಿತು. ಸಾರ್ವಜನಿಕ ನೀತಿ, ಪ್ರಜಾಪ್ರಭುತ್ವ, ನಾಗರಿಕ ನಡವಳಿಕೆ ಕುರಿತು ಚಿಂತನಶೀಲ ಮಾತುಕತೆ! ಕೇಳುಗರು ಹದಿನೇಳು ಜನ. ಅವರಲ್ಲಿ ಇಬ್ಬರು ಸ್ವತಃ ಅಧ್ಯಕ್ಷರೇ, ಎರಡು ಫೋನಿನಿಂದ.

ಇದೆಲ್ಲ ತಯಾರಾಗುತ್ತಿದ್ದದ್ದು ಅಡುಗೆಮನೆಗೆ ಅಂಟಿಕೊಂಡ ಸಾಮಾನಿನ ಕೋಣೆಯಲ್ಲಿ. ಹಳೆಯ ಸೂಟ್‌ಕೇಸುಗಳನ್ನು ಮಂಚದ ಕೆಳಗೆ ಗಡೀಪಾರು ಮಾಡಿ, ಸದ್ದು ಪ್ರತಿಧ್ವನಿಸದಿರಲೆಂದು ಮನೆಮಂದಿಯ ಕಂಬಳಿಗಳನ್ನೆಲ್ಲ ಗೋಡೆಗೆ ಮೊಳೆ ಹೊಡೆದು, ಅಧ್ಯಕ್ಷರು ಅದಕ್ಕೆ 'ಸ್ಟುಡಿಯೋ' ಎಂದು ಹೆಸರಿಟ್ಟಿದ್ದರು. ಮನೆಯವರು ಚಳಿಯಲ್ಲಿ ನಡುಗಿದರೇನಂತೆ, ಪ್ರಜಾಪ್ರಭುತ್ವ ಬೆಚ್ಚಗಿತ್ತಲ್ಲ!

ಬಾಗಿಲ ಹೊರಗೆ ನಿಯಮಗಳ ಹಾಳೆ ಅಂಟಿಸಿತ್ತು. ಬಾಗಿಲಿಗೆ ಕೆಂಪು ಟವೆಲ್ ನೇತಾಡುತ್ತಿದ್ದರೆ ಒಳಗೆ ಧ್ವನಿಮುದ್ರಣ ನಡೆದಿದೆ ಎಂದರ್ಥ. ಆಕಾಶ ಕಳಚಿ ಬಿದ್ದರೂ ಬಾಗಿಲು ಮುಟ್ಟಕೂಡದು. ಒಳಗಿನಿಂದ ಕೂಗಾಟ ಕೇಳಿಸಿದರೆ ಅದು ಬಿಸಿಬಿಸಿ ಚರ್ಚೆ, ಯಾರೂ ಗಾಬರಿಯಾಗಕೂಡದು. ಈ ನಿಯಮಕ್ಕೆ ಕಾರಣ ಅಧ್ಯಕ್ಷರ ತಾಯಿ. ಹೋದ ತಿಂಗಳು ಒಳಗಿನ ಆರ್ಭಟ ಕೇಳಿ, ಮಗನಿಗೇನೋ ಆಯಿತೆಂದು ಆಕೆ ಬಾಗಿಲು ತೆಗೆದು ನುಗ್ಗಿದ್ದರು. ಅಧ್ಯಕ್ಷರು ಆಗ ವಾಕ್‌ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುತ್ತಿದ್ದರು! "ಪ್ರಜಾಪ್ರಭುತ್ವದ ಕತ್ತು ಹಿಸುಕಿದೆಯಲ್ಲಮ್ಮಾ!" ಎಂದು ಒಂದು ಗಂಟೆ ಕೂಗಾಡಿದ್ದರು.

ಇನ್ನು ಯಾರಿಗೆ ಏನೇ ಹೇಳುವುದಿದ್ದರೂ ಚೀಟಿ ಬರೆದು ಬಾಗಿಲ ಪಕ್ಕದ ಚಪ್ಪಲಿ ಡಬ್ಬಿಗೆ, ಅಂದರೆ 'ಅಹವಾಲು ಪೆಟ್ಟಿಗೆ'ಗೆ ಹಾಕಬೇಕು. ಪೆಟ್ಟಿಗೆ ತೆಗೆಯುವುದು ಭಾನುವಾರ ಬೆಳಿಗ್ಗೆ ಮಾತ್ರ. ಆಗ ಅಧ್ಯಕ್ಷರು ಕಚೇರಿಯಿಂದ ತಂದ ಹಳೆಯ ರಬ್ಬರ್ ಮುದ್ರೆಯನ್ನು ಪ್ರತಿ ಚೀಟಿಯ ಮೇಲೂ ಧಡ್ ಧಡ್ ಎಂದು ಒತ್ತುತ್ತಿದ್ದರು: 'ಗಮನಿಸಲಾಗಿದೆ'. ಆಮೇಲೆ ಫೈಲಿಗೆ ಸೇರಿಸುತ್ತಿದ್ದರು. ಓದಬೇಕೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ.

ಆ ಭಾನುವಾರ ಅಧ್ಯಕ್ಷರ ಕಾಲು ನೆಲದ ಮೇಲಿರಲಿಲ್ಲ. ಊರಿನ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ 'ನಾಗರಿಕ ಸಂವಾದ' ಶುರುವಾಗುವುದರಲ್ಲಿತ್ತು. ಅದನ್ನು ನಡೆಸಲು ಒಬ್ಬರು ಬೇಕಿತ್ತು. ಕೈ ಇರುವ ಕುರ್ಚಿ, ಕಾಲಿರುವ ಮೈಕು, ಎದುರಿಗೆ ಎದ್ದು ಹೋಗಲಾಗದಂತೆ ಕೂತ ಇನ್ನೂರು ಜನ! ಆ ಕುರ್ಚಿಯ ಕನಸಿನಲ್ಲಿ ಅಧ್ಯಕ್ಷರು ತಿಂಗಳಿನಿಂದ ನಿದ್ದೆಗೆಟ್ಟಿದ್ದರು. ಆಯ್ಕೆ ಮಾಡಬೇಕಾದ ನಿವೃತ್ತ ಚುನಾವಣಾಧಿಕಾರಿಗಳು "ನಿಮ್ಮ ಕಾರ್ಯಕ್ರಮಕ್ಕೇ ಬರ್ತೀನಿ. ನೀವು ಹೇಗೆ ಆಲಿಸ್ತೀರಿ ನೋಡೋಣ" ಎಂದು ಒಪ್ಪಿಕೊಂಡಿದ್ದರು.

"ರೀ, ಆ ಕೋಣೆ ಬಾಗಿಲು..." ಎಂದಳು ಹೆಂಡತಿ.

"ಚೀಟಿ!"

"ಅಲ್ಲಾ ರೀ, ದೊಡ್ಡವರು ಬರ್ತಿದಾರೆ, ಅದಕ್ಕೇ ಹೇಳ್ತಿರೋದು..."

"ಚೀಟಿ ಬರಿ, ಪೆಟ್ಟಿಗೆಗೆ ಹಾಕು!"

"ಮೂರು ಸಲ ಹಾಕಿದೀನಿ."

"ನಾಲ್ಕನೇ ಸಲ ಹಾಕು. ಪ್ರಜಾಪ್ರಭುತ್ವಕ್ಕೆ ತಾಳ್ಮೆ ಬೇಕು ಕಣೇ!"

ಆಕೆ ತಾಳ್ಮೆಯಿಂದ ಸುಮ್ಮನಾದಳು. ಗಂಡಸರು ಹೆದರಬೇಕಾದ ಗಳಿಗೆ ಅದೇ ಎಂದು ಅಧ್ಯಕ್ಷರಿಗೆ ಹೊಳೆಯಲಿಲ್ಲ.

ಅಧಿಕಾರಿಗಳು ಮಧ್ಯಾಹ್ನ ಮೂರಕ್ಕೆ ಬಂದರು. ಭಾರೀ ಆಳು, ಬಿಳಿ ಮೀಸೆ. ಇಬ್ಬರ ಫೋನುಗಳೂ ಹೊರಗಿನ ಮೇಜಿನ ಮೇಲೆ ಉಳಿದವು. ಟವೆಲ್ ಏರಿತು, ಬಾಗಿಲು ಮುಚ್ಚಿತು, ರೆಕಾರ್ಡರಿನ ದೀಪ ಹೊತ್ತಿಕೊಂಡಿತು.

"ಸಾರ್, ಆಲಿಸುವುದೇ ಪ್ರಜಾಪ್ರಭುತ್ವದ ಉಸಿರು. ಈ ಬಗ್ಗೆ ನಿಮ್ಮನ್ನೊಂದು ಪ್ರಶ್ನೆ ಕೇಳಬೇಕು" ಎಂದು ಅಧ್ಯಕ್ಷರು ಆರಂಭಿಸಿದರು. ಪ್ರಶ್ನೆ ಹನ್ನೊಂದು ನಿಮಿಷ ನಡೆಯಿತು. ಅಧಿಕಾರಿಗಳು ಎರಡು ಸಲ ಬಾಯಿ ತೆರೆದು ಎರಡು ಸಲ ಮುಚ್ಚಿದರು. ಆರು ಕಂಬಳಿಗಳ ನಡುವೆ ಅವರ ಮೀಸೆ ಬೆವರಿನಿಂದ ಜೋತುಬಿದ್ದಿತ್ತು. ಕೊನೆಗೆ, "ಒಂದು ಲೋಟ ನೀರು ಸಿಗಬಹುದಾ?" ಎಂದರು.

"ಓಹೋ, ಅದಕ್ಕೇನು ಸಾರ್!" ಎಂದು ಅಧ್ಯಕ್ಷರು ಎದ್ದು ಬಾಗಿಲ ಹಿಡಿ ತಿರುಗಿಸಿದರು. ಹಿಡಿ ಕೈಗೆ ಬಂತು. ಬಾಗಿಲು ಬರಲಿಲ್ಲ.

ಹಿಡಿ ಇದ್ದ ಜಾಗದಲ್ಲಿ ಒಂದು ತೂತು ಮಾತ್ರ ಉಳಿದಿತ್ತು. ಅಧ್ಯಕ್ಷರು ಬೆರಳು ತೂರಿಸಿದರು, ಪೆನ್ನು ತೂರಿಸಿದರು. ಪೆನ್ನು ಮುರಿಯಿತು.

"ಏಯ್! ಬಾಗಿಲು ತೆಗೀರೇ!"

ಹೊರಗಿನಿಂದ ತಾಯಿಯ ದನಿ ಕೇಳಿಸಿತು: "ಚರ್ಚೆ ಬಿಸಿ ಏರ್ತಾ ಇದೆ ಕಣೇ."

ಅಧ್ಯಕ್ಷರು ಬಾಗಿಲು ಗುದ್ದಿದರು. ಅದಕ್ಕೂ ಕಂಬಳಿ ಹೊದಿಸಿದ್ದರಿಂದ ಗುಬ್ ಗುಬ್ ಎಂದಿತು.

"ಕೈ ಕೈ ಮಿಲಾಯಿಸ್ತಿದಾರೋ ಏನೋ!"

"ಅದೂ ಚರ್ಚೇನೇ ಅತ್ತೆ. ನಿಯಮದಲ್ಲಿದೆ" ಎಂದಳು ಹೆಂಡತಿ.

ಕೂಗಿ ಪ್ರಯೋಜನವಿಲ್ಲವೆಂದು ಅಧ್ಯಕ್ಷರು ಚೀಟಿ ಬರೆದು ಬಾಗಿಲ ಅಡಿಯಿಂದ ತೂರಿಸಿದರು: 'ತಕ್ಷಣ ಬಾಗಿಲು ತೆಗೆಯಿರಿ.'

"ಅಮ್ಮಾ, ಅಪ್ಪ ಚೀಟಿ ಹಾಕಿದಾರೆ" ಎಂದಳು ಕಾಲೇಜಿಗೆ ಹೋಗುವ ಮಗಳು.

"ಪೆಟ್ಟಿಗೆಗೆ ಹಾಕು."

"ಪೆಟ್ಟಿಗೆ ತೆಗೆಯೋದು ಭಾನುವಾರ ಅಲ್ವಾ? ಇವತ್ತೇ ಭಾನುವಾರ."

"ಇವತ್ತಿಂದು ಬೆಳಿಗ್ಗೇನೇ ಆಯ್ತಲ್ಲ. ಇನ್ನು ಮುಂದಿನ ಭಾನುವಾರ."

ಎರಡನೆಯ ಚೀಟಿಯಲ್ಲಿ 'ದಯವಿಟ್ಟು' ಸೇರಿತು. ಮೂರನೆಯದರಲ್ಲಿ, 'ದಮ್ಮಯ್ಯ! ಅತಿಥಿಗಳಿಗೆ ನೀರು ಬೇಕು!'

ಹೊರಗೆ ಕುರ್ಚಿ ಎಳೆದ ಸದ್ದಾಯಿತು. "ಸರಿ, ಸಭೆ ಕರೆಯೋಣ" ಎಂದಳು ಮಗಳು. "ಒಬ್ಬೊಬ್ಬರಿಗೆ ಮೂರು ನಿಮಿಷ. ಅಜ್ಜಿ, ಮೊದಲು ನೀನು."

"ಸಭೆಯಂತೆ ಸಭೆ! ನೋಡಿ ಸಾರ್, ಇವರಿಗೆ..."

ಅಧಿಕಾರಿಗಳು ತುಟಿಯ ಮೇಲೆ ಬೆರಳಿಟ್ಟರು. "ಶ್! ನಡುವೆ ಬಾಯಿ ಹಾಕಬೇಡಿ. ಅವರಿನ್ನೂ ಶುರುನೇ ಮಾಡಿಲ್ಲ."

"ಹೋದ ತಿಂಗಳು ನಾನು ಬಾಗಿಲು ತೆಗೆದೆ" ಎಂದರು ತಾಯಿ. "ಪ್ರಜಾಪ್ರಭುತ್ವದ ಕತ್ತು ಹಿಸುಕಿದೆ ಅಂದ. ಎಪ್ಪತ್ತೆರಡು ವರ್ಷದಲ್ಲಿ ಒಂದು ಇಲಿ ಕತ್ತು ಹಿಸುಕಿದೋಳಲ್ಲ ನಾನು! ಆವತ್ತು ನಂಗೆ ಊಟ ಸೇರ್ಲಿಲ್ಲ. ನಿಯಮ ಮಾಡಿದೋನು ಅವನೇ. ಮಾಡಿದ್ದುಣ್ಣೋ ಮಹರಾಯ!"

ಒಳಗೆ ಅಧ್ಯಕ್ಷರಿಗೆ ಚುರುಕ್ಕೆಂದಿತು. ಅಮ್ಮ ಊಟ ಬಿಟ್ಟದ್ದು ಅವರಿಗೆ ಗೊತ್ತೇ ಇರಲಿಲ್ಲ.

ಮಗಳೆಂದಳು: "ನಿಯಮ ಕೆಟ್ಟದ್ದೇ. ಆದ್ರೆ ನಮಗೆ ಬೇಕಾದಾಗ ಮುರಿದ್ರೆ ನಾವೂ ಅಪ್ಪನ ಥರಾನೇ ಆಗ್ತೀವಿ. ಮೊದಲು ನಿಯಮ ಬದಲಾಯಿಸೋಣ, ಆಮೇಲೆ ಬಾಗಿಲು ತೆಗೆಯೋಣ."

"ಆಹಾ!" ಎಂದು ಅಧಿಕಾರಿಗಳು ಕಂಬಳಿಗೆ ಕಿವಿ ಹಚ್ಚಿದರು.

ಹೆಂಡತಿಯ ಸರದಿ ಬಂತು. "ಒಳಗೆ ಇಬ್ಬರಿದಾರೆ. ಒಬ್ಬರು ನಿಯಮ ಮಾಡಿದವರು. ಇನ್ನೊಬ್ಬರು ಏನು ಪಾಪ ಮಾಡಿದಾರೆ? ಅವರನ್ನ ಕೇಳದೇ ಮಾಡಿದ ನಿಯಮಕ್ಕೆ ಅವರ್ಯಾಕೆ ಬೆವರಬೇಕು? ಅತಿಥಿಗಳಿಗೆ ಬಾಗಿಲು ತೆಗೆಯೋಣ. ಅಧ್ಯಕ್ಷರ ಅಹವಾಲು ಅಧ್ಯಕ್ಷರ ಪದ್ಧತಿಯಲ್ಲೇ ಹೋಗಲಿ."

ಮೂರು ಮತ ಪರ, ವಿರೋಧ ಸೊನ್ನೆ. ಬಾಗಿಲು ತೆರೆಯಿತು. ಅಧಿಕಾರಿಗಳು ಗಂಭೀರವಾಗಿ ಹೊರಗೆ ಹೋದರು. ಅಧ್ಯಕ್ಷರೂ ಹಿಂದೆಯೇ ನುಸುಳಹೊರಟರು.

"ನೀವಲ್ಲ. ನಿಮ್ಮದು ಮುಂದಿನ ಭಾನುವಾರ" ಎಂದಳು ಹೆಂಡತಿ.

"ಏಯ್, ಹುಡುಗಾಟ ಸಾಕು! ಸಾರ್, ನೀವಾದ್ರೂ ಹೇಳಿ!"

"ಮೂವತ್ತೈದು ವರ್ಷ ಚುನಾವಣೆ ನಡೆಸಿದೋನು ನಾನು" ಎಂದರು ಅಧಿಕಾರಿಗಳು. "ಎಣಿಕೆ ಮುಗಿದ ಮೇಲೆ ಫಲಿತಾಂಶ ತಿದ್ದೋದಿಲ್ಲ." ಹೀಗೆಂದು ತಮ್ಮ ಅಮೃತಹಸ್ತದಿಂದಲೇ ಬಾಗಿಲು ಎಳೆದುಕೊಂಡರು!

ಅಧ್ಯಕ್ಷರು ಕೈಯಲ್ಲಿ ಹಿಡಿ ಹಿಡಿದು ಇಂಗು ತಿಂದ ಮಂಗನಂತೆ ಕೂತರು. ಹೊರಗೆ ಕಪ್ಪು ಬಸಿಗಳ ಸದ್ದು, ನಗು. ಅಧಿಕಾರಿಗಳು ಕೇಳುತ್ತಿದ್ದರು: "ಆ ಪೆಟ್ಟಿಗೆಗೆ ಬಂದ ಚೀಟಿಗಳನ್ನೆಲ್ಲ ಏನು ಮಾಡ್ತಾರೆ?" ಮಗಳು ಫೈಲು ತಂದುಕೊಟ್ಟಳು. ಅವರು ಮತಗಟ್ಟೆಯ ದನಿಯಲ್ಲಿ ಓದತೊಡಗಿದರು.

"'ಸಾಮಾನಿನ ಕೋಣೆ ಬಾಗಿಲಿನ ಒಳಗಿನ ಹಿಡಿ ಸಡಿಲವಾಗಿದೆ. ಒಂದು ಸ್ಕ್ರೂ ಹಾಕಿಸಿ.' ಮುದ್ರೆ: ಗಮನಿಸಲಾಗಿದೆ. 'ಹಿಡಿ ಇನ್ನೂ ಸಡಿಲವಾಗಿದೆ, ಒಂದು ದಿನ ಕೈಗೇ ಬರುತ್ತೆ.' ಗಮನಿಸಲಾಗಿದೆ. 'ಅದೇ ಹಿಡಿ, ಅದೇ ಸ್ಕ್ರೂ, ಅದೇ ಹೆಂಡತಿ.' ಗಮನಿಸಲಾಗಿದೆ. ಇದು ಬೇರೆ ಅಕ್ಷರ: 'ನನ್ನ ಕಂಬಳಿ ವಾಪಸ್ ಕೊಡೋ ಮಗಾ, ರಾತ್ರಿ ಕಾಲು ಜೋಮು ಹಿಡಿಯುತ್ತೆ.' ಗಮನಿಸಲಾಗಿದೆ."

ಅಧ್ಯಕ್ಷರಿಗೆ ನಾಚಿಕೆಯಾಯಿತು. ಎದುರಿನ ಗೋಡೆಯಲ್ಲೇ ಅಮ್ಮನ ಕಂದು ಕಂಬಳಿ ಇತ್ತು. ನಾಲ್ಕು ತಿಂಗಳು ಅದರ ಮುಂದೆ ಕೂತೇ ಅವರು ಜನಸಾಮಾನ್ಯರ ಕಷ್ಟದ ಬಗ್ಗೆ ಮಾತಾಡಿದ್ದರು. ಎದ್ದು ಒಂದೊಂದೇ ಮೊಳೆ ಕಿತ್ತರು.

ಹತ್ತು ನಿಮಿಷದ ಮೇಲೆ ಹೆಂಡತಿ ಬಾಗಿಲು ತೆಗೆದಾಗ ಅಧ್ಯಕ್ಷರು ಮಡಿಸಿದ ಕಂಬಳಿ ಹಿಡಿದು ಹೊರಬಂದು, ತಾಯಿಯ ಮಡಿಲಲ್ಲಿಟ್ಟರು.

"ಧೂಳು ಕೊಡವಿದೀಯೇನೋ?" ಎಂದರು ತಾಯಿ. ಅಷ್ಟಕ್ಕೇ ಕ್ಷಮೆ ಸಿಕ್ಕಿತು.

ಅಧಿಕಾರಿಗಳು ಎದ್ದು ನಿಂತರು. "ಬಂದ ಕೆಲಸ ಆಯಿತು. ಸಂವಾದ ನಡೆಸೋಕೆ ತಕ್ಕವರು ಈ ಮನೆಯಲ್ಲೇ ಸಿಕ್ಕರು!" ಅಧ್ಯಕ್ಷರ ಎದೆ ಸ್ವಲ್ಪ ಉಬ್ಬಿತು. ಅಧಿಕಾರಿಗಳ ನೋಟ ಆ ಎದೆಯನ್ನು ದಾಟಿ ಹಿಂದೆ ನಿಂತಿದ್ದ ಹೆಂಡತಿಯ ಮೇಲೆ ಬಿತ್ತು.

"ನಾನಾ? ಅಯ್ಯೋ, ನಂಗೆ ಭಾಷಣ ಮಾಡೋಕೆ ಬರಲ್ಲ ಸಾರ್!"

"ಅದಕ್ಕೇ ಕಣಮ್ಮಾ!"

ಮರುದಿನವೇ ಅಧ್ಯಕ್ಷರು ಸ್ಕ್ರೂ ತಂದು ಹಿಡಿ ಕೂರಿಸಿದರು. ನಿಯಮಗಳ ಹಾಳೆ ಕಸದ ಬುಟ್ಟಿ ಸೇರಿತು. ರೆಕಾರ್ಡರ್ ನಿಲ್ಲದೆ ಓಡಿದ್ದ ಆ ಕಂತನ್ನು ನಾಲ್ಕು ನೂರು ಜನ ಕೇಳಿದರು. ಮೊದಲ ಹನ್ನೊಂದು ನಿಮಿಷ ದಾಟಿಸಿ ಕೇಳಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರಂತೆ. ಪೆಟ್ಟಿಗೆಯನ್ನು ಮಾತ್ರ ಹೆಂಡತಿ ಇಟ್ಟುಕೊಂಡಳು, ಗ್ರಂಥಾಲಯಕ್ಕೆ ಬೇಕಾಗುತ್ತದೆಂದು. ಅಧ್ಯಕ್ಷರು ಮನಸ್ಸು ತಡೆಯದೆ, ಯಾರೂ ಇಲ್ಲದಾಗ, ಅದಕ್ಕೊಂದು ಚೀಟಿ ಹಾಕಿದರು: 'ನಾಗರಿಕ ಸಂವಾದದಲ್ಲಿ ನನಗೂ ಮೂರು ನಿಮಿಷ ಮಾತಾಡಲು ಅವಕಾಶ ಕೊಡಬೇಕಾಗಿ ವಿನಂತಿ.'

ಭಾನುವಾರ ಬೆಳಿಗ್ಗೆ ಹೆಂಡತಿ ಪೆಟ್ಟಿಗೆ ತೆಗೆದಳು. ಕನ್ನಡಕ ಹಾಕಿಕೊಂಡು ಚೀಟಿಯನ್ನು ಎರಡು ಸಲ ಓದಿದಳು. ನಸುನಕ್ಕಳು. ಅಧ್ಯಕ್ಷರು ಉಸಿರು ಬಿಗಿಹಿಡಿದು, "ಏನಂತೀಯಾ?" ಎಂದರು.

ಆಕೆ ಮೇಜಿನ ಡ್ರಾಯರ್ ಎಳೆದು ಮುದ್ರೆ ತೆಗೆದಳು. ಅದರ ಮೇಲೆ ಹಾ ಎಂದು ಉಸಿರು ಬಿಟ್ಟಳು.

ಧಡ್! 'ಗಮನಿಸಲಾಗಿದೆ.'