ಪಂಖಾ ಅಂಬಪ್ಪನ ಕಿವಿ ತೆರೆದ ದಿನ

ಅಮಾಸೆಯೆಂದು ತಲೆಗೆ ನೀರು ಹಾಕಿಕೊಳ್ಳದೆ ಇದ್ದಿದ್ದರೆ ಅಂಬಪ್ಪನಿಗೆ ಆ ದಿನದ ಯಾವ ಕಷ್ಟವೂ ಬರುತ್ತಿರಲಿಲ್ಲ. ಆದರೆ ಹಣೆಬರಹ ಕೆಟ್ಟವನಿಗೆ ಜಳಕವೂ ಕಂಟಕವೇ. ಎರಡು ಚೊಂಬು ನೀರು ನೆತ್ತಿಯ ಮೇಲೆ ಬಿದ್ದದ್ದೇ ತಡ, ಯಾರೋ ಒಳಗಿನಿಂದ ಅಗಳಿ ಹಾಕಿಕೊಂಡಂತೆ ಎರಡೂ ಕಿವಿ ಮುಚ್ಚಿಹೋದವು. ಎದುರಿನ ಬೇವಿನ ಮರದಲ್ಲಿ ಕಾಗೆ ಬಾಯಿ ತೆರೆದು ಮುಚ್ಚುತ್ತಿತ್ತು, ಕೂಗು ಮಾತ್ರ ಇರಲಿಲ್ಲ.

ಕಿವಿ ಮಂದವಾಗಿ ವರ್ಷವೇ ಆಗಿತ್ತು ಅನ್ನಿ. ಉಂಡ ಮೇಲೆ ಕಟ್ಟೆಗೆ ಕುಳಿತು ಕಸಬರಿಗೆ ಕಡ್ಡಿಯಿಂದ ಕಿವಿ ಕೆದಕಿಕೊಳ್ಳುವುದು ಅವನ ಬಾಳಿನ ಒಂದೇ ಒಂದು ಸುಖ. ಕಡ್ಡಿಯ ತುದಿಗೆ ಅಂಟಿಬಂದ ಚೂರು ಗುಗ್ಗೆಯನ್ನು ನೋಡಿ ಕಿವಿ ಸಾಫಾಯಿತು ಎಂದು ಸಮಾಧಾನಪಡುತ್ತಿದ್ದ. ಅಂಟದೆ ಉಳಿದದ್ದು ಒಳಗೊಳಗೇ ಹೋಗಿ ಗಟ್ಟಿಯಾಗುತ್ತಿದೆ ಎಂಬುದು ಆ ಬಡಪಾಯಿಗೆ ಹೇಗೆ ತಿಳಿಯಬೇಕು? ಈಚೆಗೆ ಕೆಲವು ದಿನಗಳಿಂದ ಹೆಂಡತಿ ಗಾಳೆಮ್ಮ ಮಲಗುವ ಹೊತ್ತಿಗೆ ಉಗುರುಬೆಚ್ಚಗಿನ ಕುಸುಬಿ ಎಣ್ಣೆಯ ಎರಡು ಹನಿ ಕಿವಿಗೆ ಬಿಡುತ್ತಿದ್ದಳು. ಅದಕ್ಕೂ ಅವನು ಗೊಣಗುತ್ತಿದ್ದ.

ಅಂಬಪ್ಪನ ಕೆಲಸ ಪಂಖಾ ಎಳೆಯುವುದು. ಲಿಂಗಸುಗೂರಿನ ಹಳೇ ದಂಡಿನ ಛಾವಣಿಯಲ್ಲಿ ಒಂದು ಬಂಗಲೆ; ಅಲ್ಲಿ ಸಾಹೇಬರ ಮೇಜಿನ ಮೇಲೆ ತೂಗುಬಿಟ್ಟ ಅಗಲವಾದ ಬಟ್ಟೆಯ ಪಂಖಾ; ಅದರ ಹಗ್ಗ ಗೋಡೆಯ ತೂತಿನಿಂದ ಹೊರಗಿನ ಪಡಸಾಲೆಗೆ ಬರುತ್ತಿತ್ತು. ಆ ಹಗ್ಗದ ತುದಿಗೆ ಅಂಬಪ್ಪ. ಬೇಸಿಗೆಯಲ್ಲಿ ನೆರಳಿನಡಿ ಕುಳಿತು ಉಣ್ಣುವ ಅನ್ನ ಅದು. ಅದು ತಪ್ಪಿದರೆ ಉಳಿಯುವುದು ಮಸ್ಕಿಗೆ ಹೋಗುವ ಸಡಕಿನ ಕಲ್ಲು ಒಡೆಯುವ ಕೆಲಸ. ಅವನ ಅಪ್ಪ ಆ ಕಲ್ಲಿನ ಗುಡ್ಡೆಯ ಮೇಲೆಯೇ ಬಿಸಿಲಿಗೆ ಬಿದ್ದು ಸತ್ತಿದ್ದ. ಸುತ್ತಿಗೆ ಎಂಬ ಮಾತು ಬಂದರೆ ಅಂಬಪ್ಪ ಈಗಲೂ ಎದ್ದು ಬೇರೆ ಕಡೆ ಹೋಗಿಬಿಡುತ್ತಿದ್ದ.

ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದರೆ ಬಾಗಿಲಲ್ಲಿ ಬಂಗಲೆಯ ಆಳುಗಳ ಮೇಲಿನ ಜಮಾದಾರ ಬಂದೇಸಾಬ ನಿಂತಿದ್ದ. ಬಾಯಿ ಆಡುತ್ತಿತ್ತು, ಮೀಸೆ ಕುಣಿಯುತ್ತಿತ್ತು. ಅಂಬಪ್ಪ ಏನೂ ತಿಳಿಯದೆ ಹಲ್ಲು ಕಿರಿದ. ಕೊನೆಗೆ ಗಾಳೆಮ್ಮ ಓಡಿಬಂದು ಗಂಡನ ಕಿವಿಗೆ ಬಾಯಿ ಹಚ್ಚಿ ಕೂಗಿದಳು.

"ಹೊಸ ಸಾಹೇಬ್ರು ಇವತ್ತ ನಿಮ್ಮ ಕಿವಿ ಪರೀಕ್ಷಾ ಮಾಡ್ತಾರಂತ್ರೀ! ಮಧ್ಯಾಹ್ನ ಹಾಜರಾಗ್ಬೇಕಂತ!"

ಮೂರನೆಯ ಸಲಕ್ಕೆ ಮಾತು ಒಳಗೆ ಇಳಿಯಿತು. ಅಷ್ಟರೊಳಗೆ ಓಣಿಗೆಲ್ಲ ಇಳಿದಿತ್ತು.

"ಕಿವಿ ನೆಟ್ಟಗಿಲ್ಲಂದ್ರ ಏನ್ಮಾಡ್ತಾರ್ರೀ ಜಮಾದಾರ್ರ?" ಅಂಬಪ್ಪ ಅಳುವ ದನಿಯಲ್ಲಿ ಕೇಳಿದ.

ಬಂದೇಸಾಬ ಬಾಯಿಂದ ಹೇಳುವ ಕಷ್ಟ ತೆಗೆದುಕೊಳ್ಳಲಿಲ್ಲ. ಎರಡೂ ಮುಷ್ಟಿ ಮೇಲೆತ್ತಿ, ಸುತ್ತಿಗೆ ಹೊಡೆದಂತೆ ಕೆಳಗಿಳಿಸಿ ತೋರಿಸಿ ಹೊರಟುಹೋದ. ಸಾಹೇಬರು ಹೇಳಿಕಳಿಸಿದ್ದು ಪರೀಕ್ಷೆಯ ಮಾತಷ್ಟೇ. ಸುತ್ತಿಗೆ ಬಂದೇಸಾಬನ ಸ್ವಂತದ್ದು.

ಕೂಗಾಟಕ್ಕೆ ಮೊದಲು ಬಂದವಳು ಪಕ್ಕದ ಮನೆಯ ಮುದುಕಮ್ಮ. ಕರೆಯದೆ ಬರುವುದರಲ್ಲಿ ಅವಳಿಗೆ ಊರಲ್ಲೇ ಸಾಟಿ ಇರಲಿಲ್ಲ. ವಿಷಯ ಕೇಳಿದವಳೇ ಒಳಗೆ ಹೋಗಿ ಗಾಳೆಮ್ಮನದೇ ಒಲೆ, ಗಾಳೆಮ್ಮನದೇ ಎಣ್ಣೆ, ಗಾಳೆಮ್ಮನದೇ ಬಳ್ಳೊಳ್ಳಿ ತೆಗೆದುಕೊಂಡು ಕುದಿಸಲು ಕುಳಿತಳು.

"ಎಣ್ಣಿ ಹೊಗಿ ಆಡಾಕತ್ತೈತಲ್ಲ ಯವ್ವಾ, ಕಿವಿ ಸುಡ್ತದ" ಎಂದಳು ಗಾಳೆಮ್ಮ.

"ನೀ ಸುಮ್ಕಿರ. ನಮ್ಮ ಮನ್ಯಾಗ ಹುಡುಗ್ರಿಗೆಲ್ಲಾ ಇದನ್ನ ಹಾಕೀನಿ. ಒಬ್ರೂ ಮತ್ತೊಮ್ಮೆ ಕಿವಿನೋವು ಅಂತ ನನ್ನ ಕಡೆ ಬಂದಿಲ್ಲ."

ಗಾಳೆಮ್ಮ ಕೈ ಹಿಡಿಯುವಷ್ಟರಲ್ಲಿ ಸೌಟು ವಾಲಿತು. ಅಂಬಪ್ಪ ಕುಳಿತಲ್ಲಿಂದಲೇ ಹಾರಿದ. ಎಣ್ಣೆ ಕಿವಿಯ ತೂತು ತಪ್ಪಿ ಕುತ್ತಿಗೆಯ ಮೇಲೆ ಬಿತ್ತು. ಅವನ ಪುಣ್ಯ ದೊಡ್ಡದು. ಹಾರುವುದು ತುಸು ತಡವಾಗಿದ್ದರೆ ಕಿವಿಯ ಚಿಂತೆ ಶಾಶ್ವತವಾಗಿ ತೀರುತ್ತಿತ್ತು. ಬೊಬ್ಬೆ ಎದ್ದ ಕುತ್ತಿಗೆಗೆ ಗಾಳೆಮ್ಮ ತಣ್ಣೀರು ಹಾಕುತ್ತಿದ್ದರೆ ಮುದುಕಮ್ಮ, "ಗಂಡ್ಸಾಗಿ ಇಷ್ಟಕ್ಕ ಹಾರಿದ್ರ ಹೆಂಗ" ಎಂದು ಬೇಸರಪಟ್ಟುಕೊಂಡಳು.

ಆದರೂ ಕೈಬಿಡಲಿಲ್ಲ. ಮೋಟಾರು ಬಸ್ಸು ನಿಲ್ಲುವಲ್ಲಿ ಹುಣಸೆ ಮರದಡಿ ಗುಗ್ಗೆ ತೆಗೆಯುವ ಶೇಕ್ಷಾವಲಿ ಕೂಡುತ್ತಾನೆ, ಅವನ ಕೈಗುಣ ದೊಡ್ಡದು ಎಂದು ಗಂಡಹೆಂಡಿರಿಬ್ಬರನ್ನೂ ಎಳೆದುಕೊಂಡೇ ಹೋದಳು. ಶೇಕ್ಷಾವಲಿ ತಲೆಗೆ ಕೆಂಪು ರುಮಾಲು ಸುತ್ತಿ, ಅದರಲ್ಲಿ ಉದ್ದುದ್ದ ಸೂಜಿಗಳನ್ನು ಸಿಗಿಸಿಕೊಂಡು ಕುಳಿತಿದ್ದ. ಜಗತ್ತಿನ ಕಿವಿಗಳನ್ನೆಲ್ಲ ಸಾಫ್ ಮಾಡುವ ಹೊಣೆ ತನ್ನದೇ ಎಂಬ ಗಾಂಭೀರ್ಯ ಮುಖದಲ್ಲಿತ್ತು. ಅಂಬಪ್ಪನ ತಲೆಯನ್ನು ಮೊಳಕಾಲಿಗೆ ಒತ್ತಿ ಹಿಡಿದು, ಸೂಜಿ ಆಡಿಸಿ, ಹೆಸರುಕಾಳಿನಷ್ಟು ಕಲ್ಲೊಂದನ್ನು ಎತ್ತಿ ತೋರಿಸಿದ.

"ನೋಡ್ರಿ! ಕಿವ್ಯಾಗ ಕಲ್ಲು ಬೆಳದೈತಿ!"

ಮೋಟಾರಿಗೆ ಕಾದವರೆಲ್ಲ ಸುತ್ತ ಸೇರಿದರು. ಎರಡನೆಯ ಕಲ್ಲು ಕಡಲೆಯಷ್ಟಿತ್ತು. ಮೂರನೆಯದನ್ನು ನೋಡಿದಾಗ ಅಂಬಪ್ಪನಿಗೆ ಅಳು ಬಂತು. ಯಾವ ಕಲ್ಲಿಗೆ ಹೆದರಿ ಜೀವಮಾನವೆಲ್ಲ ಓಡಿದನೋ ಅದು ಬಂದು ಕಿವಿಯಲ್ಲೇ ಮನೆ ಮಾಡಿತ್ತಲ್ಲ! ಇಷ್ಟು ಕಲ್ಲು ಹೊರಬಂದರೂ ಒಂದು ಸಪ್ಪಳವೂ ಕೇಳಿಸದಿರುವುದು ಏಕೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

ತಿಳಿದದ್ದು ಗಾಳೆಮ್ಮನಿಗೆ. ನಾಲ್ಕನೆಯ ಕಲ್ಲು ಹೊರಡುವ ಹೊತ್ತಿಗೆ ಅವಳು ಶೇಕ್ಷಾವಲಿಯ ಅಂಗಿಯ ತೋಳು ಹಿಡಿದು ಜಾಡಿಸಿದಳು. ಒಳಗೆ ಬಚ್ಚಿಟ್ಟಿದ್ದ ಗರಸುಕಲ್ಲು ಪಟಪಟ ನೆಲಕ್ಕೆ ಉದುರಿತು.

"ಏ ಹಾಟ್ಯಾ, ತೋಳಾಗ ಸಡಕ ಇಟ್ಕೊಂಡು ಬಂದೀಯೇನು!"

ತೋಳು ಜಗ್ಗಿದ್ದಕ್ಕೆ ಸೂಜಿ ಜಾರಿತು. ಅಂಬಪ್ಪ ಕೂಗಿದ ಕೂಗಿಗೆ ಟಾಂಗಾದ ಕುದುರೆ ಬೆದರಿತು. ಹುಣಸೆ ಮರ, ರುಮಾಲು, ಮುದುಕಮ್ಮ ಎಲ್ಲ ಗಿರಗಿರ ತಿರುಗಿದವು. ಬಿದ್ದವನನ್ನು ನಾಲ್ಕು ಜನ ಎತ್ತಿ ದವಾಖಾನೆಗೆ ಒಯ್ದರು. ಶೇಕ್ಷಾವಲಿ ಸೂಜಿಗಳನ್ನು ರುಮಾಲಿಗೆ ಸಿಗಿಸಿಕೊಂಡು ಬಂದ ಮೋಟಾರು ಹತ್ತಿ ಮಾಯವಾದ.

ದವಾಖಾನೆಯ ಡಾಕ್ಟರು ನಗೆ ಮರೆತ ಮನುಷ್ಯ. ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು ಎರಡೂ ಕಿವಿಯಲ್ಲಿ ಬೆಳಕು ಬಿಟ್ಟು ನೋಡಿದರು. ಮೊದಲು ಕುತ್ತಿಗೆಯ ಬೊಬ್ಬೆಗೆ ಬೈದರು, ಆಮೇಲೆ ಸೂಜಿಗೆ ಬೈದರು, ಕಸಬರಿಗೆ ಕಡ್ಡಿಯ ಸಂಗತಿ ಕೇಳಿದ ಮೇಲೆ ಎಲ್ಲಕ್ಕೂ ಸೇರಿಸಿ ಬೈದರು. ಬೈಗುಳ ಅಂಬಪ್ಪನಿಗೆ ಕೇಳಿಸದ್ದರಿಂದ ಗಾಳೆಮ್ಮ ನಿಂತು ಕೇಳಿಸಿಕೊಂಡಳು.

"ಗುಗ್ಗಿ ಅಂದ್ರ ಹೊಲಸಲ್ಲಮ್ಮಾ. ಧೂಳು, ಹುಳ ಒಳಗ ಹೋಗದಂಗ ಕಾಯೋ ಪಹರೆ ಅದು. ನಾವು ತಿಂತೀವಿ, ಮಾತಾಡ್ತೀವಿ, ದವಡಿ ಆಡ್ತದ. ಅದು ತಾನಽ ಸರಕೊಂಡು ಹೊರಗ ಬರ್ತದ. ನಿನ್ನ ಗಂಡ ಕಡ್ಡೀಲೆ ಅದನ್ನ ಒಳಗ ಮೆಟ್ಟಿ ಮೆಟ್ಟಿ ಗೋಡಿ ಕಟ್ಟ್ಯಾನ. ಇವತ್ತ ನೀರು ಬಿದ್ದು ಅದು ಉಬ್ಬೈತಿ. ಎಣ್ಣಿ ಯಾರು ಹಾಕಿದ್ರು?"

"ನಾನಽ ರೀ, ಉಗುರುಬೆಚ್ಚಗ."

"ಅದೊಂದು ಛಲೋ ಮಾಡೀದಿ. ಗುಗ್ಗಿ ಮೆತ್ತಗಾಗೈತಿ. ಕಿವಿ ಸೋರ್ತಿದ್ರ, ಪರದೆ ಹರಿದಿದ್ರ ಮಾತ್ರ ಎಣ್ಣಿನೂ ಹಾಕಬಾರ್ದು, ನೀರೂ ಹೊಡೀಬಾರ್ದು. ಇವನ ಪರದೆ ಗಟ್ಟಿ ಐತಿ. ಸೂಜಿ ತಾಗಿಲ್ಲ, ಗುಗ್ಗಿನಽ ಅಡ್ಡ ನಿಂತು ಉಳಿಸೇದ."

ಡಾಕ್ಟರು ಹಿತ್ತಾಳೆಯ ಪಿಚಕಾರಿಗೆ ಮೈಯಷ್ಟೇ ಬೆಚ್ಚಗಿನ ನೀರು ತುಂಬಿ, ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಹಿಡಿದು ಮೆಲ್ಲಗೆ ಬಿಟ್ಟರು. ಮತ್ತೆ ತುಂಬಿದರು, ಮತ್ತೆ ಬಿಟ್ಟರು. ಕೆಳಗೆ ಹಿಡಿದ ಬಟ್ಟಲಿಗೆ ಹಳೇ ಬೆಲ್ಲದಂಥ ಕಪ್ಪು ಹೆಂಟೆಯೊಂದು ತೊಪ್ಪನೆ ಬಿತ್ತು. ಆ ತೊಪ್ಪನೆಯ ಸಪ್ಪಳ ಅಂಬಪ್ಪನಿಗೆ ಕೇಳಿಸಿತು!

ಇನ್ನೊಂದು ಕಿವಿಯೂ ತೆರೆದ ಮೇಲೆ ಎಲ್ಲವೂ ಕೇಳಿಸಿತು. ಗಡಿಯಾರದ ಟಿಕ್‌ಟಿಕ್, ಯಾರದೋ ಕೆಮ್ಮು, ನೊಣದ ಗುಂಯ್. ಪಡಸಾಲೆಯಲ್ಲಿ ಗಾಳೆಮ್ಮ ಮುದುಕಮ್ಮನಿಗೆ ಹೇಳುತ್ತಿದ್ದದ್ದೂ ಕೇಳಿಸಿತು. "ಈ ಕೆಲಸ ಹೋದ್ರ ಅವ್ರು ಕಲ್ಲೊಡದು ಬದುಕಾಂಗಿಲ್ಲ ಯವ್ವಾ. ರಾತ್ರಿ ನಿದ್ದ್ಯಾಗ ಅವ್ರಪ್ಪನ್ನ ಕರೀತಾರ." ವರ್ಷದಿಂದ ಅವಳ ಕೂಗನ್ನಷ್ಟೇ ಕೇಳಿದ್ದ ಅಂಬಪ್ಪನಿಗೆ ಅವಳ ದನಿ ಇಷ್ಟು ಮೆತ್ತಗಿತ್ತೆಂಬುದು ಮರೆತೇಹೋಗಿತ್ತು. ಹೇಗಾದರೂ ಸರಿ, ಇಂದು ಪರೀಕ್ಷೆಯಲ್ಲಿ ಗೆಲ್ಲಲೇಬೇಕೆಂದು ಹೆಂಡತಿಯನ್ನು ಮನೆಗೆ ಕಳಿಸಿ ಬಂಗಲೆಯ ಕಡೆ ಓಡಿದ.

ಹಗ್ಗ ಹಿಡಿದು ಕುಳಿತಾಗ ಒಳಗೆ ಸಾಹೇಬರು ಬಂದೇಸಾಬನೊಂದಿಗೆ ಪಿಸುಮಾತಿನಲ್ಲಿದ್ದರು. ಅದು ಪಿಸುಮಾತಿನ ಕಾಲ. ತುಂಗಭದ್ರೆಯ ಆಚೆ ಸ್ವಾತಂತ್ರ್ಯ ಬಂದಿತ್ತು, ಈಚೆ ಇನ್ನೂ ನಿಜಾಮರ ಸರಕಾರ. ಯಾರು ಯಾರ ಕಡೆ ಎಂದು ತಿಳಿಯದೆ ದೊಡ್ಡವರೂ ಹೆದರಿ ಬದುಕುತ್ತಿದ್ದರು. ಸಾಹೇಬರ ಮಾತು ಉರ್ದು. ಇಷ್ಟು ವರ್ಷ ಬಂಗಲೆಯಲ್ಲಿ ಪಂಖಾ ಎಳೆದವನಿಗೆ ಅದು ತಿಳಿಯದ ಭಾಷೆಯೇನಲ್ಲ. ಗೋಡೆಯ ತೂತಿನಿಂದ ಹಗ್ಗದ ಜೊತೆ ಮಾತೂ ಹೊರಬಂತು.

"ಬೇಗಂ ಸಾಹೇಬರನ್ನು ಪೆಟ್ಟಿಗೆಗಳ ಸಮೇತ ಈ ರಾತ್ರಿಯೇ ಹೈದರಾಬಾದಿಗೆ ಕಳಿಸಬೇಕು. ನಾನೇ ಹೆದರಿದ್ದೇನೆಂದು ಊರಿಗೆ ತಿಳಿದರೆ ನಾಳೆ ಯಾರೂ ನನ್ನ ಹುಕುಂ ಕೇಳುವುದಿಲ್ಲ."

ಅಂಬಪ್ಪನಿಗೆ ಆನಂದ. ಒಂದಕ್ಷರವೂ ತಪ್ಪದೆ ಕೇಳಿಸುತ್ತಿತ್ತು! ಅವನು ಹಗ್ಗ ಎಳೆದು ಪಂಖಾ ಆಡಿಸುತ್ತಲೇ ಸಾಹೇಬರು ಇನ್ನೂ ಸಣ್ಣ ದನಿಯಲ್ಲಿ, "ಪಂಖಾದವನ ಕಾಲ ಹತ್ತಿರ ಚೇಳು ಬಂದಿದೆ" ಎಂದರು.

ಅಂಬಪ್ಪ ಹಗ್ಗ ಬಿಟ್ಟು ಹಾರಿದ. ಚೇಳು ಇರಲಿಲ್ಲ. ಒಳಗೆ ಪಂಖಾ ನಿಂತಿತು. "ಬುಲಾವ್ ಉಸ್ಕೋ" ಎಂದು ತನ್ನನ್ನು ಕರೆಸುವ ಮಾತೂ ಕೇಳಿಸಿತು. ಇದೇ ಪರೀಕ್ಷೆ, ತಾನು ಗೆದ್ದೆ ಎಂದು ಅಂಬಪ್ಪ ನಗುತ್ತಾ ಒಳಗೆ ಹೋಗಿ ನೆಲಮುಟ್ಟ ಸಲಾಮು ಹೊಡೆದ.

"ನಿನಗೆ ಕೇಳಿಸುತ್ತದೆಯೋ?" ಸಾಹೇಬರ ಮುಖ ಬಿಳಿಚಿತ್ತು.

"ಪೂರಾ ಕೇಳಸ್ತದ ಸರಕಾರ್! ಚೇಳಿಂದೂ ಕೇಳೀನಿ, ಅದಕ್ಕಿಂತ ಮದಲಿಂದೂ ಕೇಳೀನಿ. ಬೇಗಂ ಸಾಹೇಬ್ರು ಪೆಟಗಿ ಸಮೇತ ಈ ರಾತ್ರಿ ಹೈದ್ರಾಬಾದಿಗೆ ಹೊಂಟಾರ. ತಾವು ಅಂಜೀರಿ ಅಂತ ಊರಾಗ ತಿಳೀಬಾರ್ದು. ಬೇಕಾದ್ರ ಇನ್ನೊಮ್ಮೆ ಹೇಳ್ತೀನ್ರಿ."

ಬಂದೇಸಾಬ ಕಣ್ಣು ಮುಚ್ಚಿಕೊಂಡ. ಸಾಹೇಬರು ಜಮಾದಾರನ ಕಡೆ ತಿರುಗಿದರು.

"ಈ ಬಂಗಲೆಯ ಪಂಖಾದವನು ಕಿವುಡ ಎಂದು ಕೇಳಿ ಖುಷಿಪಟ್ಟಿದ್ದೆ. ಅದು ನಿಜವೋ ಅಂತ ನೋಡೋಣವೆಂದೇ ಕರೆಸಿದ್ದು. ನಿಜವಾಗಿದ್ದರೆ ಬಂಗಲೆಯ ಹಿಂದಿನ ಖೋಲಿಯನ್ನೂ ಇರಲು ಕೊಟ್ಟು ಕಾಯಂ ಇಟ್ಟುಕೊಳ್ಳುತ್ತಿದ್ದೆ. ಕಿವಿ ಇರುವವನು ನನಗೆ ಯಾತಕ್ಕೆ? ತೆಗೆದುಹಾಕು. ಇವನು ಊರಲ್ಲಿರುವುದೂ ಬೇಡ, ಮಸ್ಕಿ ಸಡಕಿಗೆ ಹಚ್ಚು."

"ಸರಕಾರ್, ಬೆಳಿಗ್ಗಿತನಾ ನಾ ಖರೇನ ಕಿವುಡ ಇದ್ದೆ! ಇವತ್ತ..." ಎಂದು ಅಂಬಪ್ಪ ಕಾಲಿಗೆ ಬಿದ್ದ.

ಬಂದೇಸಾಬ ಅವನನ್ನು ದಾಟಿ ಮುಂದೆ ಬಂದು, "ಹುಜೂರ್, ಇವನ ಓಣ್ಯಾಗಽ ಮುದುಕಮ್ಮ ಅಂತ ಅದಾಳ. ಸಣ್ಣವಿದ್ದಾಗ ಕಿವಿನೋವಿಗೆ ಅಂತ ಕುದಿಯೋ ಎಣ್ಣಿ ಹಾಕಿ ಮಗನ್ನ ಪೂರಾ ಕಿವುಡು ಮಾಡ್ಯಾಳ. ಪಂಖಾ ಎಳ್ಯಾಕ ಅವನ್ನ ಕರಕೊಂಡು ಬರ್ಲೇನ್ರಿ?" ಎಂದ. ಸಾಹೇಬರು ತಲೆಯಾಡಿಸಿದರು.

ಅಂಬಪ್ಪ ಓಣಿಗೆ ಬಂದಾಗ ಇಳಿಹೊತ್ತು. ದಾರಿಯುದ್ದಕ್ಕೂ ತನ್ನ ಕೆರದ ಸಪ್ಪಳ ತಾನೇ ಕೇಳುತ್ತಾ ಬಂದ. ಗಾಳೆಮ್ಮ ಬಾಗಿಲಲ್ಲೇ ಕಾದಿದ್ದಳು. ಹಣೆಗೆ ಕುಂಕುಮ ಹೊಸದಾಗಿ ಇಟ್ಟಿದ್ದಳು. ಇನ್ನು ಗಂಡನ ಮುಂದೆ ಕೂಗಬೇಕಾಗಿಲ್ಲವೆಂದು ಬಲು ಮೆಲ್ಲಗೆ, ಆಸೆಯಿಂದ ಕೇಳಿದಳು.

"ಸಾಹೇಬ್ರು ಏನಂದ್ರು?"

ಪ್ರತಿ ಅಕ್ಷರ ಗಂಟೆ ಹೊಡೆದಂತೆ ಕೇಳಿಸಿತು. ಅವಳ ಮುಖ ನೋಡಿ ಉತ್ತರ ಹೇಳುವುದು ಅಂಬಪ್ಪನ ಕೈಲಾಗಲಿಲ್ಲ. ಕಿವಿಯ ಹಿಂದೆ ಅಂಗೈ ಹಿಡಿದು, "ಏನಂದಿ? ಕೇಳವಲ್ದು" ಎಂದ.

ಗಾಳೆಮ್ಮನ ಕಣ್ಣು ತುಂಬಿದವು. ಉಸಿರು ಎಳೆದುಕೊಂಡು, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿದಳು:

"ಕೆಲಸ ಉಳೀತೋ ಹೋತೋ ಅಂತ ಕೇಳಾಕತ್ತೀನಿ!"

ಉತ್ತರ ಕೇಳಲು ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಒಂದೊಂದು ಅಗಳಿ ಸರಿಯುವ ಸಪ್ಪಳವೂ ಅಂಬಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು.