ಅವ್ವನ ಕಾಲಿನಲ್ಲಿ ನನ್ನ ಫೋನು

ಪದವಿ ಪಡೆದವರೆಲ್ಲ ತಮ್ಮ ಯಶಸ್ಸಿಗೆ ಗುರುಗಳ ಆಶೀರ್ವಾದವೇ ಕಾರಣ ಎನ್ನುತ್ತಾರೆ. ಗುರುಗಳ ಮೇಲೆ ನನಗೂ ಗೌರವವಿದೆ. ಆದರೆ ಖರೆ ಹೇಳಬೇಕೆಂದರೆ, ನಾನು ಪಾಸಾದದ್ದು ನನ್ನ ಫೋನು ಅವ್ವನ ಕಾಲಿನಲ್ಲಿ ಇದ್ದುದರಿಂದ.

ಇಳಕಲ್ಲಿನ ನೇಕಾರರ ಮನೆ ನಮ್ಮದು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ನನ್ನದೇ. ಹತ್ತಿದ ಮೇಲೆ ಆ ಕಾಲಿಗೆ ನಡೆಯುವುದೇ ಮರೆತುಹೋಯಿತು. ಬಾಗಲಕೋಟೆಯ ಹಾಸ್ಟೆಲಿನಲ್ಲಿ ಮಲಗಿಕೊಂಡು ರೀಲ್ಸ್ ನೋಡುತ್ತಿದ್ದೆ; ಅದೂ ಬೇರೆಯವರು ವ್ಯಾಯಾಮ ಮಾಡುವ ರೀಲ್ಸ್. ಅವರು ಬೆವರಿದರೆ ನನಗೆ ದಣಿವಾಗಿ ನಿದ್ದೆ ಬರುತ್ತಿತ್ತು. ಐದನೆಯ ಸೆಮಿಸ್ಟರಿನಲ್ಲಿ ಅರ್ಥಶಾಸ್ತ್ರ ಕೈಕೊಟ್ಟಿತು. ಅಪ್ಪ ಬೈಯಲಿಲ್ಲ. "ಈ ಸಲನೂ ಹೋದ್ರ ಮಗ್ಗಕ್ಕ ಕೂಡವಾ, ಅಲ್ಲಿ ಯಾರೂ ನಪಾಸ್ ಮಾಡೂದಿಲ್ಲ" ಎಂದ. ಬೈದಿದ್ದರೇ ಚೆನ್ನಾಗಿತ್ತು.

ಓದಲೆಂದು ಬಿಟ್ಟ ರಜೆಗೆ ಊರಿಗೆ ಬಂದೆ. ಅಷ್ಟರಲ್ಲಿ ನಮ್ಮ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಹೊಸ ಹುಚ್ಚು ಹುಟ್ಟಿತ್ತು. ದಿನಕ್ಕೆ ಎಷ್ಟು ಹೆಜ್ಜೆ ನಡೆದೆವೆಂದು ಫೋನು ಎಣಿಸಿದ್ದನ್ನು ಸಂಜೆ ಎಲ್ಲರೂ ಹಾಕಬೇಕು. ಹುನಗುಂದದ ಗೆಳತಿ ಸವಿತಾ ದಿನಾಲೂ ಮೊದಲು, ನಾನು ದಿನಾಲೂ ಕೊನೆ. ಓದಿನಲ್ಲೂ ಕೊನೆ, ನಡಿಗೆಯಲ್ಲೂ ಕೊನೆ ಎಂದರೆ ಹೇಗೆ? ಆಗ ಅವ್ವ ಕಣ್ಣಿಗೆ ಬಿದ್ದಳು. ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಬೆಳಗಿನಿಂದ ಕಾಲುಹಲಗೆ ತುಳಿಯುತ್ತಲೇ ಇದ್ದಳು. ಹಳೆಯ ಸೀರೆಯ ಅಂಚು ಹರಿದು ಫೋನನ್ನು ಅವಳ ಕಾಲಿಗೆ ಬಿಗಿದೆ.

"ಗೆಜ್ಜಿ ಕಟ್ಟೋ ವಯಸ್ನಾಗ ಯಾರೂ ಕಟ್ಟಲಿಲ್ಲ, ಈಗ ಫೋನ್ ಕಟ್ಟಾಕತ್ತೀಯೇನ?" ಎಂದಳು.

ಆ ಸಂಜೆ ಸವಿತಾಳನ್ನು ಹಿಂದೆ ಹಾಕಿದೆ. ಗುಂಪಿನ ತುಂಬ ಚಪ್ಪಾಳೆ. ಒಂದನ್ನು ಮಾತ್ರ ಮರೆತಿದ್ದೆ: ಅವ್ವ ಕುಣಿಗೆ ಇಳಿದಳೆಂದರೆ ಊಟದ ತನಕ ಏಳುವವಳಲ್ಲ. ಮರುದಿನ ಮತ್ತೆ ಕಟ್ಟಿದ ಅರ್ಧ ತಾಸಿಗೇ ನನ್ನ ಕೈ ತುರಿಸತೊಡಗಿತು. "ಅವ್ವಾ, ಎರಡ ನಿಮಿಷ ಫೋನ್ ಕೊಡ" ಎಂದು ಗೋಗರೆದೆ. "ನಡುವ ಎದ್ದು ಎಳಿ ಹರದ್ರ ನಿಮ್ಮ ಸರ್ ಬಂದು ಕಟ್ಟತಾರೇನು? ಓದ್ಕೋ ಹೋಗ" ಎಂದಳು. ಬೇರೆ ದಾರಿ ಕಾಣದೆ ಅರ್ಥಶಾಸ್ತ್ರ ತೆಗೆದೆ. ಕೂತರೆ ನಿದ್ದೆ ಬರುತ್ತದೆಂದು ಮಗ್ಗದ ಸದ್ದಿಗೆ ಹೆಜ್ಜೆ ಹಾಕುತ್ತ ಅಂಗಳದಲ್ಲಿ ಅಡ್ಡಾಡಿ ಓದಿದೆ. ಪರೀಕ್ಷೆ ಬರುವಷ್ಟರಲ್ಲಿ ಪುಸ್ತಕ ಎರಡು ಸಲ ಮುಗಿದಿತ್ತು. ಪಾಪ, ನಾನು ಖರೆ ನಡೆದ ಹೆಜ್ಜೆಗಳನ್ನು ಎಣಿಸುವವರೇ ಇರಲಿಲ್ಲ.

ಗುಟ್ಟು ಹಿಡಿಯಲು ಸವಿತಾ ಒಂದು ದಿನ ಬಸ್ಸು ಹತ್ತಿ ಬಂದೇಬಿಟ್ಟಳು. ಕುಣಿಯೊಳಗೆ ಇಣುಕಿ, "ಏ ಕಳ್ಳಿ! ನಾ ಇಷ್ಟ ದಿನಾ ಓಡಿ ಓಡಿ ಸೋತದ್ದು ಈ ಅವ್ವಾರಿಗೇನ?" ಎಂದು ಚೀರಿದಳು. ಅವ್ವ ಕಾಲು ನಿಲ್ಲಿಸಲಿಲ್ಲ. "ನಿಂದೂ ಕೊಡವಾ, ಇನ್ನೊಂದು ಕಾಲು ಖಾಲಿ ಐತಿ."

ಪಾಸಾದೆ! ಅರ್ಥಶಾಸ್ತ್ರದಲ್ಲಿ ಸವಿತಾಳಿಗಿಂತ ಎರಡು ಅಂಕ ಹೆಚ್ಚು. ಅದನ್ನು ಅವಳ ಮದುವೆಯಲ್ಲೂ ನೆನಪಿಸಿದೆ. ಅಪ್ಪ ಅಂಕಪಟ್ಟಿಯನ್ನು ಹೊಸ ಸೀರೆಯಂತೆ ಎರಡೂ ಕೈಯಲ್ಲಿ ಹಿಡಿದು ಓಣಿಗೆಲ್ಲ ತೋರಿಸಿ ಬಂದ.

ಈಗ ನಾನು ಬಾಗಲಕೋಟೆಯ ನವನಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಮೇಡಂ. ಮೊನ್ನೆ ಫೋನು, ಓದು, ವ್ಯಾಯಾಮ ಎಂದು ಹುಡುಗರಿಗೆ ಒಂದು ತಾಸು ಭಾಷಣ ಬಿಗಿದೆ. ಭಾರಿ ಚಪ್ಪಾಳೆ ಬಿತ್ತೆಂದು ಅವ್ವನಿಗೆ ಹೇಳಿದರೆ, "ಫೋನು ಯಾರ ಕಾಲಿಗೆ ಕಟ್ಟಬೇಕಂತ ಹೇಳಿದಿ ಇಲ್ಲೋ?" ಎಂದು ಕೇಳಿದಳು.

ಹೇಳಿರಲಿಲ್ಲ. ಆ ದಿನ ನನ್ನ ಫೋನು ಎಣಿಸಿದ್ದು, ಕುರ್ಚಿಯಿಂದ ಮೈಕಿನವರೆಗೆ ಹೋಗಿ ಬಂದ ಹೆಜ್ಜೆಗಳನ್ನು ಮಾತ್ರ.